40 ಮಿಲಿಗ್ರಾಂ ಮಾಡುವ ಕೆಲಸ: ಟೊಮೆಟೊಗೆ ಹೋಮೋಬ್ರಾಸಿನೊಲೈಡ್ ಹೊಡೆದು ನೋಡಿದ ಮೇಲೆ

100 ಎಂಎಲ್ ಬಾಟಲಿಯ ಮೇಲೆ ‘ಹೋಮೋಬ್ರಾಸಿನೊಲೈಡ್ 0.04%’ ಎಂದು ಅಚ್ಚಾಗಿದ್ದರೆ, ಅದರೊಳಗಿರುವ ಅಸಲು ಪದಾರ್ಥ, ಅಂದರೆ ಗಿಡದ ಬೆಳವಣಿಗೆಯ ಹಾರ್ಮೋನು, ಸುಮಾರು 40 ಮಿಲಿಗ್ರಾಂ ಮಾತ್ರ. ಒಂದು ಚಿಟಿಕೆ ಉಪ್ಪು ಕೂಡ ಅದಕ್ಕಿಂತ ಹಲವು ಪಾಲು ಹೆಚ್ಚು ತೂಗುತ್ತದೆ. ಲೀಟರಿಗೆ ಅರ್ಧ ಎಂಎಲ್‌ನಂತೆ ಅದನ್ನು 200 ಲೀಟರಿನ ಒಂದು ಡ್ರಮ್ಮಿನಲ್ಲಿ ಕಲಸಿ ಒಂದು ಎಕರೆ ಟೊಮೆಟೊಗೆ ಸಿಂಪಡಿಸಿದೆ. ಇಷ್ಟು ಕಡಿಮೆ ಪದಾರ್ಥಕ್ಕೆ ನಾನು ಕೊಟ್ಟ ಹಣದಲ್ಲಿ 45 ಕಿಲೋ ಯೂರಿಯಾದ ಎರಡು ಮೂಟೆ ಬರುತ್ತಿತ್ತು. ಎರಡು ಮೂಟೆ ಯೂರಿಯಾ ಎಂದರೆ 41 ಕಿಲೋಗೂ ಹೆಚ್ಚು ಸಾರಜನಕ. ಒಂದು ಕಡೆ 40 ಮಿಲಿಗ್ರಾಂ ಹಾರ್ಮೋನು, ಇನ್ನೊಂದು ಕಡೆ 41 ಕಿಲೋ ಪೋಷಕಾಂಶ; ಹಾಗಾದರೆ ಮೊದಲನೆಯದನ್ನು ಯಾರು, ಯಾವಾಗ ಕೊಳ್ಳಬೇಕು ಎಂಬ ಪ್ರಶ್ನೆಗೆ ಕೋಲಾರ ಜಿಲ್ಲೆಯ ನನ್ನ ಹೊಲದಲ್ಲಿ ಒಂದು ಬೆಳೆಯುದ್ದಕ್ಕೂ ನೋಡಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಈ ಬಾಟಲಿಗೆ ಬರುವ ಮುಂಚೆ ನಾನು ಇನ್ನೊಂದನ್ನು ಕೊಂಡು ಕೆಟ್ಟಿದ್ದೆ. ಹಿಂದಿನ ಬೆಳೆಯಲ್ಲಿ ಗೊಬ್ಬರದಂಗಡಿಯೊಂದರಲ್ಲಿ “ಇದು ಟಾನಿಕ್ ಸಾರ್, ನಾಲ್ಕು ದಿನಕ್ಕೆ ಗಿಡ ಕಪ್ಪಗೆ ತಿರುಗುತ್ತೆ” ಎಂದು ಕೊಟ್ಟ ಬಾಟಲಿಯ ಮೇಲೆ ದೊಡ್ಡದೊಂದು ಹಣ್ಣಿನ ಚಿತ್ರವಿತ್ತು, ಒಳಗಿರುವ ಪದಾರ್ಥದ ಹೆಸರಿರಲಿಲ್ಲ. ಹೊಡೆದ ಒಂದು ವಾರದಲ್ಲಿ ಗಿಡವೇನೋ ಎದ್ದು ನಿಂತಿತು. ಗೆಣ್ಣಿನಿಂದ ಗೆಣ್ಣಿಗೆ ಮೊದಲಿದ್ದ ಅಂತರ ಒಂದೂವರೆಪಟ್ಟಾಯಿತು, ಎಲೆಗಳು ಅಗಲವಾದವು. ಆದರೆ ಎಲೆಯ ಬಣ್ಣ ಕಪ್ಪಾಗುವ ಬದಲು ತೆಳುವಾಯಿತು, ಹೂವು ಉದುರತೊಡಗಿತು. ನೋಡಲು ಬಂದ ದೊಡ್ಡಪ್ಪ ಬದುವಿನ ಮೇಲೆ ನಿಂತೇ ಹೇಳಿದರು: “ಗಿಡ ಓಡ್ತಾ ಇದೆ ಕಣಪ್ಪ, ಕಾಯಿ ಕಟ್ತಾ ಇಲ್ಲ.” ಅದರಲ್ಲಿ ಏನಿತ್ತೆಂದು ಪರೀಕ್ಷೆ ಮಾಡಿಸಲಿಲ್ಲ. ಆದರೆ ಈ ಲಕ್ಷಣಗಳೆಲ್ಲ ಗಿಡವನ್ನು ಉದ್ದಕ್ಕೆ ಎಳೆಯುವ ಜಿಬ್ಬೆರೆಲಿನ್ ಎಂಬ ಹಾರ್ಮೋನು ಹೆಚ್ಚಾದಾಗ ಕಾಣುವಂಥವು. 1926ರಲ್ಲಿ ತೈವಾನಿನಲ್ಲಿದ್ದ ಜಪಾನೀ ವಿಜ್ಞಾನಿ ಕುರೊಸಾವ ಅವರು ಭತ್ತದ ಪೈರು ಸೊರಗಿ ಉದ್ದವಾಗುವ ರೋಗದ ಬೆನ್ನು ಹತ್ತಿ, ಆ ಓಟಕ್ಕೆ ಒಂದು ಶಿಲೀಂಧ್ರ ಸ್ರವಿಸುವ ಪದಾರ್ಥವೇ ಕಾರಣವೆಂದು ತೋರಿಸಿದರು. ಅದೇ ಮುಂದೆ ಜಿಬ್ಬೆರೆಲಿನ್ ಎಂದು ಹೆಸರಾಯಿತು. ಅದು ಎಲೆಯನ್ನು ಹಿಗ್ಗಿಸುತ್ತದೆ. ಹಿಗ್ಗಿದ ಎಲೆಯಲ್ಲಿ ಇದ್ದಷ್ಟೇ ಪತ್ರಹರಿತ್ತು ಹಂಚಿಹೋಗಿ ಬಣ್ಣ ತೆಳುವಾಗುತ್ತದೆ. ದ್ರಾಕ್ಷಿಯ ಗೊಂಚಲಿಗೆ ಅದು ಬಹಳ ಬೆಲೆಯುಳ್ಳ ವಸ್ತು, ಹೂವಿಗೆ ಬಂದ ಟೊಮೆಟೊಗೆ ಅಳತೆಯಿಲ್ಲದೆ ಹೊಡೆಯುವಂಥದ್ದಲ್ಲ. ಟಾನಿಕ್ ಎಂಬ ಒಂದೇ ಪದದ ಅಡಿಯಲ್ಲಿ ಇಷ್ಟು ಬೇರೆ ಬೇರೆ ಸ್ವಭಾವದ ಪದಾರ್ಥಗಳನ್ನು ಮಾರುವುದು ರೈತನಿಗೆ ಮಾಡುವ ಅನ್ಯಾಯ ಎಂದು ನಾನು ತಿಳಿದಿದ್ದೇನೆ.

ಹಾಗಾಗಿ ಈ ಸಲ ಪದಾರ್ಥದ ಹೆಸರು, ಶೇಕಡಾವಾರು ಪ್ರಮಾಣ, ನೋಂದಣಿ ಸಂಖ್ಯೆ, ಬ್ಯಾಚು, ಅವಧಿ ಮುಗಿಯುವ ದಿನಾಂಕ ಇವೆಲ್ಲ ಅಚ್ಚಾಗಿರುವ ಬಾಟಲಿಯನ್ನೇ ಕೇಳಿ ತಂದೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇದೇ ಪದಾರ್ಥ ಇದೇ ಪ್ರಮಾಣದಲ್ಲಿ ಒಂದಕ್ಕಿಂತ ಹೆಚ್ಚು ಹೆಸರಿನಲ್ಲಿ ಸಿಗುತ್ತದೆ, ನನ್ನ ಮಾತು ಪದಾರ್ಥದ ಬಗ್ಗೆ.

ಹೋಮೋಬ್ರಾಸಿನೊಲೈಡ್ ಎಂಬುದು ಬ್ರಾಸಿನೊಸ್ಟೆರಾಯ್ಡ್ ಎಂಬ ಸಸ್ಯ ಹಾರ್ಮೋನುಗಳ ಗುಂಪಿಗೆ ಸೇರಿದ್ದು. ಸ್ಟೆರಾಯ್ಡ್ ಎಂಬ ಹೆಸರು ಕೇಳಿ ಗಾಬರಿಯಾಗಬೇಕಿಲ್ಲ; ಗಿಡಗಳು ತಮ್ಮ ಬೆಳವಣಿಗೆಗಾಗಿ ಈ ಗುಂಪಿನ ಪದಾರ್ಥಗಳನ್ನು ತಾವೇ ತಯಾರಿಸಿಕೊಳ್ಳುತ್ತವೆ, ಆದರೆ ಅತ್ಯಲ್ಪ ಪ್ರಮಾಣದಲ್ಲಿ. ಎಷ್ಟು ಅಲ್ಪವೆಂದರೆ, 1979ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ಗುಂಪಿನ ಮೊದಲ ಪದಾರ್ಥವಾದ ಬ್ರಾಸಿನೊಲೈಡಿನ ರಚನೆಯನ್ನು ಕಂಡುಹಿಡಿಯಲು, ಜೇನುಹುಳುಗಳು ಸಂಗ್ರಹಿಸಿದ ಸಾಸಿವೆ ಜಾತಿಯ ಗಿಡದ ಪರಾಗವನ್ನು 227 ಕಿಲೋ ತೆಗೆದುಕೊಂಡು, ಕೊನೆಗೆ ಹರಳಾಗಿ ಪಡೆದದ್ದು 4 ಮಿಲಿಗ್ರಾಂ. ಈ ಲೆಕ್ಕ ಗೊತ್ತಾದ ಮೇಲೆ ನನಗೆ 40 ಮಿಲಿಗ್ರಾಂ ಎಂಬುದು ಸಣ್ಣ ಅಳತೆಯಾಗಿ ತೋರಲಿಲ್ಲ.

ಇನ್ನು ಇದು ಎಲೆಯೊಳಗೆ ಏನು ಮಾಡುತ್ತದೆ ಎಂಬುದು. ಎಲೆಯ ಹಸಿರು ಬಿಸಿಲನ್ನು ಹಿಡಿಯುತ್ತದೆ, ಅದು ಎಲ್ಲರಿಗೂ ಗೊತ್ತಿರುವ ಪಾಠ. ಆದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ಕೆಲಸ ಹಸಿರಿನದಲ್ಲ, ರೂಬಿಸ್ಕೊ ಎಂಬ ಕಿಣ್ವದ್ದು. ಎಂಟು ದೊಡ್ಡ, ಎಂಟು ಸಣ್ಣ ತುಂಡುಗಳು ಕೂಡಿ ಆದ ಈ ದೊಡ್ಡ ಪ್ರೋಟೀನು ಕಿಣ್ವಗಳಲ್ಲೆಲ್ಲ ಬಹಳ ನಿಧಾನಿ. ಅದರ ಒಂದೊಂದು ಕೆಲಸದ ಜಾಗವೂ ಒಂದು ಸೆಕೆಂಡಿಗೆ ಹಿಡಿಯುವುದು ಮೂರರ ಆಸುಪಾಸಿನ ಅಣುಗಳನ್ನು. ನಿಧಾನದ ಆಳಿನಿಂದ ಕೆಲಸ ತೆಗೆಯಬೇಕಾದರೆ ಆಳುಗಳ ಸಂಖ್ಯೆಯೇ ಹೆಚ್ಚಬೇಕು. ಅದಕ್ಕಾಗಿ ಟೊಮೆಟೊ, ಭತ್ತ, ಅವರೆಯಂಥ ಬೆಳೆಗಳು ಎಲೆಯಲ್ಲಿರುವ ಸಾರಜನಕದ ಕಾಲುಭಾಗದಷ್ಟನ್ನು ಈ ಒಂದೇ ಕಿಣ್ವದಲ್ಲಿ ಹೂಡಿರುತ್ತವೆ. ಇದ್ದ ರೂಬಿಸ್ಕೊ ಎಲ್ಲವೂ ದುಡಿಯುತ್ತದೆ ಎಂದೂ ಇಲ್ಲ. ಕೆಲವು ಸಕ್ಕರೆ ಅಣುಗಳು ಅದರ ಬಾಯಿಗೆ ಸಿಕ್ಕಿಕೊಂಡು ಬೀಗ ಹಾಕಿದಂತಾಗುತ್ತದೆ. ಆ ಬೀಗ ತೆಗೆಯಲು ರೂಬಿಸ್ಕೊ ಆಕ್ಟಿವೇಸ್ ಎಂಬ ಇನ್ನೊಂದು ಪ್ರೋಟೀನು ಬೇಕು, ತೆರೆದ ಬಾಯಿ ಕೆಲಸಕ್ಕೆ ಸಜ್ಜಾಗಲು ಮೆಗ್ನೀಸಿಯಂ ಬೇಕು.

ಹಾರ್ಮೋನಿಗೆ ಇಲ್ಲಿ ಎರಡು ಕಡೆ ಪ್ರವೇಶವಿದೆ: ಕಿಣ್ವವನ್ನು ತಯಾರಿಸುವ ಜೀನುಗಳ ಮೇಲೆ, ತಯಾರಾದ ಕಿಣ್ವದಲ್ಲಿ ಎಷ್ಟು ಪಾಲು ದುಡಿಯುತ್ತದೆ ಎಂಬುದರ ಮೇಲೆ. ಸೌತೆ ಗಿಡಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ನಮ್ಮ ಪದಾರ್ಥದ ಹತ್ತಿರದ ಸಂಬಂಧಿಯಾದ ಎಪಿಬ್ರಾಸಿನೊಲೈಡನ್ನು ಎಲೆಗೆ ಸಿಂಪಡಿಸಿದಾಗ ಸಕ್ರಿಯ ರೂಬಿಸ್ಕೊ ಪಾಲು ಹೆಚ್ಚಿ, ಎಲೆ ಹಿಡಿಯುವ ಇಂಗಾಲವೂ ಹೆಚ್ಚಿತು. ಅಂದರೆ ಬಾಟಲಿಯಲ್ಲಿರುವುದು ಗಿಡಕ್ಕೆ ಉಣಿಸುವ ಆಹಾರವಲ್ಲ. ಮನೆಯಲ್ಲಿ ಇದ್ದವರನ್ನೇ ಕೆಲಸಕ್ಕೆ ಎಬ್ಬಿಸುವ ಕೂಗು ಅದು. ಮನೆಯಲ್ಲಿ ಆಳುಗಳೇ ಇಲ್ಲದಿದ್ದರೆ ಕೂಗಿ ಪ್ರಯೋಜನವಿಲ್ಲ ಎಂಬುದು ನನ್ನ ಹೊಲದಲ್ಲೇ ಕಣ್ಣಿಗೆ ಬಿತ್ತು.

ಹೋಲಿಕೆಗೆಂದು ಹೀಗೆ ಮಾಡಿದೆ. ಮಲ್ಚಿಂಗ್ ಹಾಳೆ ಹಾಸಿ, ಡ್ರಿಪ್ ಎಳೆದು, ಕಡ್ಡಿ ನೆಟ್ಟು ದಾರ ಕಟ್ಟಿದ್ದ ಬೆಳೆಯಲ್ಲಿ, ಹೊಲದ ಕೆಳಭಾಗದ ಕೆಂಪು ಗೋಡು ಮಣ್ಣಿನ ಆರು ಸಾಲುಗಳನ್ನು ಗುರುತು ಮಾಡಿ, ಅವಕ್ಕೆ ಬರೀ ನೀರು ಮತ್ತು ಸ್ಟಿಕ್ಕರ್ (ಸಿಂಪಡಿಸಿದ್ದು ಎಲೆಗೆ ಅಂಟಿಕೊಳ್ಳಲು ಬೆರೆಸುವ ದ್ರವ) ಹೊಡೆಸಿದೆ. ಪಕ್ಕದ ಆರು ಸಾಲುಗಳಿಗೆ ಅದೇ ನೀರು, ಅದೇ ಸ್ಟಿಕ್ಕರ್, ಜೊತೆಗೆ ಹಾರ್ಮೋನು. ಸ್ಟಿಕ್ಕರ್ ಎರಡಕ್ಕೂ ಇರಬೇಕು ಎಂಬುದನ್ನು ಮುಖ್ಯವಾಗಿ ಹೇಳುತ್ತೇನೆ, ಇಲ್ಲದಿದ್ದರೆ ಎಲೆಯ ಧೂಳು ತೊಳೆದುಹೋದ ಹೊಳಪನ್ನೇ ಹಾರ್ಮೋನಿನ ಫಲವೆಂದು ನಂಬಿಬಿಡುತ್ತೇವೆ. ಮೊದಲ ಹೂಗೊಂಚಲು ಬಿಟ್ಟಾಗ ಒಂದು ಸಲ, ಅದಾದ ಹದಿನೈದು ದಿನಕ್ಕೆ ಇನ್ನೊಂದು ಸಲ, ಬೆಳಗಿನ ಇಬ್ಬನಿ ಆರಿ ಬಿಸಿಲೇರುವುದರೊಳಗೆ ಮುಗಿಸಿದೆವು. ಹೊಲದ ಮೇಲ್ಭಾಗದ ಜಲ್ಲಿಮಣ್ಣಿನ ಮೂಲೆಯಲ್ಲೂ ಇದೇ ರೀತಿ ಹೊಡೆದ ಮತ್ತು ಬಿಟ್ಟ ಸಾಲುಗಳನ್ನು ಇಟ್ಟುಕೊಂಡೆ. ಅಲ್ಲಿ ಡ್ರಿಪ್ಪಿನ ಒತ್ತಡ ಸಾಲದೆ ಕೊನೆಯ ಗಿಡಗಳಿಗೆ ನೀರೂ ಕಡಿಮೆ, ನೀರಿನೊಂದಿಗೆ ಹೋಗುವ ಗೊಬ್ಬರವೂ ಕಡಿಮೆ.

ನಾಲ್ಕನೆಯ ದಿನ ಏನೂ ಕಾಣಲಿಲ್ಲ. ಹತ್ತನೆಯ ದಿನದ ಹೊತ್ತಿಗೆ ಕೆಳಭಾಗದ ಹೊಡೆದ ಸಾಲುಗಳಲ್ಲಿ ತುದಿಯ ಎಲೆಗಳು ಬೆರಳಿಗೆ ಸ್ವಲ್ಪ ದಪ್ಪವಾಗಿ ಹತ್ತಿದವು, ಬಣ್ಣದಲ್ಲಿ ಮಾತ್ರ ಹೇಳಿಕೊಳ್ಳುವಂಥ ಭೇದವಿರಲಿಲ್ಲ. ನಿಜವಾದ ವ್ಯತ್ಯಾಸ ತಿಳಿದದ್ದು ಎರಡನೆಯ ಸಿಂಪರಣೆಯಾದ ಮೇಲೆ, ಮೂರನೆಯ ಗೊಂಚಲಿನಲ್ಲಿ. ಬಿಟ್ಟ ಸಾಲುಗಳಲ್ಲಿ ಒಂದು ಗೊಂಚಲಿಗೆ ಒಂದೆರಡು ಹೂವು ಒಣಗಿ ತೊಟ್ಟು ಕಳಚಿದ್ದರೆ, ಹೊಡೆದ ಸಾಲುಗಳಲ್ಲಿ ಅವೇ ಹೂವು ಕಡಲೆಕಾಳಿನ ಗಾತ್ರದ ಕಾಯಾಗಿ ನಿಂತಿದ್ದವು. ಆರು ಕೊಯ್ಲಿನ ಒಟ್ಟು ಲೆಕ್ಕದಲ್ಲಿ ಹೊಡೆದ ಸಾಲುಗಳಿಂದ 15 ಕಿಲೋದ ಮೂರು ಬಾಕ್ಸು ಹೆಚ್ಚು ಬಂತು. ಆರು ಸಾಲಿಗೆ ಮೂರು ಬಾಕ್ಸು ಎಂಬುದು ದೊಡ್ಡ ಮಾತಲ್ಲ, ಮಂಡಿಯಲ್ಲಿ ದರ ಬಿದ್ದ ದಿನ ಅದು ಬಾಟಲಿಯ ಖರ್ಚನ್ನೂ ಹುಟ್ಟಿಸುವುದಿಲ್ಲ. ದರ ಸಾಧಾರಣವಾಗಿದ್ದರೂ ಖರ್ಚು ಕಳೆದು ಸ್ವಲ್ಪ ಉಳಿಯುತ್ತದೆ.

ಮೇಲ್ಭಾಗದ ಮೂಲೆಯ ಕಥೆ ಬೇರೆ. ಅಲ್ಲಿ ಮೊದಲ ಹತ್ತು ದಿನ ಹೊಡೆದ ಗಿಡಗಳೇ ಚೆನ್ನಾಗಿ ಕಂಡವು, ಚಿಗುರು ಜೋರಾಗಿತ್ತು. ಇಪ್ಪತ್ತನೆಯ ದಿನ ಬಗ್ಗಿ ಬುಡ ನೋಡಿದಾಗ, ಹೊಡೆದ ಸಾಲುಗಳಲ್ಲೇ ಬುಡದ ಎಲೆಗಳು ಬೇಗ ಹಳದಿ ತಿರುಗಿದ್ದವು. ನನಗೆ ಅರ್ಥವಾದದ್ದು ಇಷ್ಟು: ‘ಬೆಳೆ’ ಎಂಬ ಆಜ್ಞೆ ತುದಿಗೆ ಬಂತು, ಬೇರಿನಿಂದ ಸಾರಜನಕ ಬರಲಿಲ್ಲ, ಆಗ ಗಿಡ ತನ್ನ ಹಳೆಯ ಎಲೆಗಳಲ್ಲಿ ಕೂಡಿಟ್ಟಿದ್ದ ರೂಬಿಸ್ಕೊವನ್ನೇ ಒಡೆದು ಅದರ ಸಾರಜನಕವನ್ನು ಮೇಲಕ್ಕೆ ಸಾಗಿಸಿತು. ಎಲೆ ಮುಪ್ಪಾಗುವಾಗ ಎಲ್ಲ ಗಿಡಗಳೂ ಮಾಡುವ ಕೆಲಸವೇ ಅದು. ಕಿಣ್ವವೇ ಸಾರಜನಕದ ಕಣಜವೂ ಹೌದು. ಇಲ್ಲಿ ಅದು ಹೊತ್ತಿಗೆ ಮುಂಚೆ ಆಯಿತು. ಬೀಜದ ಕಾಳನ್ನು ಕುಟ್ಟಿ ಹಬ್ಬ ಮಾಡಿದಂತೆ. ಆ ಮೂಲೆಯ ಸಾಲುಗಳಲ್ಲಿ ಹೊಡೆದದ್ದಕ್ಕೂ ಬಿಟ್ಟದ್ದಕ್ಕೂ ಇಳುವರಿಯಲ್ಲಿ ಲೆಕ್ಕಕ್ಕೆ ಸಿಗುವ ವ್ಯತ್ಯಾಸವೇ ಇರಲಿಲ್ಲ. ಆ ಭಾಗಕ್ಕೆ ನಾನು ಸುರಿದ ಹಣ ವ್ಯರ್ಥವಾಯಿತು. ಅದೇ ಹಣದಲ್ಲಿ ಪೈಪು ಸರಿಪಡಿಸಿ ಗೊಬ್ಬರ ಬಿಟ್ಟಿದ್ದರೆ ಫಲ ಬರುತ್ತಿತ್ತು.

ಇದನ್ನು ಕಂಡ ಮೇಲೆ ಸೈಟೊಕೈನಿನ್ ಬಗ್ಗೆ ಓದಿದ್ದು ಮತ್ತೆ ನೆನಪಾಯಿತು. ಎಲೆಯ ಮುಪ್ಪನ್ನು ತಡೆಯುವ ಈ ಹಾರ್ಮೋನಿನ ದೊಡ್ಡ ಪಾಲೊಂದನ್ನು ಗಿಡದ ಬೇರು ತಯಾರಿಸುತ್ತದೆ. ಮಣ್ಣಿನಲ್ಲಿ ನೈಟ್ರೇಟ್ ಸಿಕ್ಕಾಗ ಬೇರಿನಲ್ಲಿ ಅದರ ತಯಾರಿ ಹೆಚ್ಚುತ್ತದೆ, ನೀರಿನ ನಾಳದಲ್ಲಿ ಅದು ಎಲೆಗೆ ಏರುತ್ತದೆ, ರೂಬಿಸ್ಕೊವಿನ ಸಣ್ಣ ತುಂಡುಗಳನ್ನು ತಯಾರಿಸುವ ಜೀನುಗಳನ್ನು ಚುರುಕುಗೊಳಿಸುತ್ತದೆ. “ಕೆಳಗೆ ಊಟವಿದೆ, ಕಾರ್ಖಾನೆ ನಡೆಸು” ಎಂದು ಬೇರು ಎಲೆಗೆ ಕಳಿಸುವ ಸುದ್ದಿ ಅದು. ಮೆಕ್ಕೆಜೋಳದಲ್ಲಿಯೂ ಸಾರಜನಕ ಕೊಟ್ಟಾಗ ಇಂಗಾಲ ಹಿಡಿಯುವ ಕಿಣ್ವ ಹೆಚ್ಚುವುದು ಸೈಟೊಕೈನಿನ್ ಮೂಲಕ ಎಂದು ತೋರಿಸಲಾಗಿದೆ. ಹಾಗೆಂದರೆ ಒಳ್ಳೆಯ ಬೇರು, ಹದವಾದ ತೇವ, ಕೊಳೆತ ಕೊಟ್ಟಿಗೆ ಗೊಬ್ಬರ ಇರುವ ಹೊಲದಲ್ಲಿ ಹಾರ್ಮೋನಿನ ಅಂಗಡಿ ಮಣ್ಣೊಳಗೇ ತೆರೆದಿರುತ್ತದೆ. ಎಳನೀರಿನಲ್ಲೂ ಸೈಟೊಕೈನಿನ್ ಇರುವುದು ನಿಜ, ಅಂಗಾಂಶ ಕೃಷಿಯ ಪ್ರಯೋಗಾಲಯಗಳಲ್ಲಿ ಅದನ್ನು 1940ರ ದಶಕದಿಂದ ಬಳಸುತ್ತ ಬಂದಿದ್ದಾರೆ. ಆದರೆ ಬಾಟಲಿಯಲ್ಲಿ ಸಿಗುವ ನಿಖರವಾದ ಪ್ರಮಾಣ ಒಂದೊಂದು ಕಾಯಿಯಲ್ಲೂ ಸಿಗುತ್ತದೆಂದು ನಂಬಿ ಲೆಕ್ಕ ಹಾಕಲಾಗದು.

ಬಿಸಿಲಿನ ಮಾತೂ ಹೇಳಬೇಕು. ಎರಡನೆಯ ಸಿಂಪರಣೆಯ ವಾರದಲ್ಲಿ ನಮ್ಮಲ್ಲಿ ಸೆಖೆ ಜೋರಾಗಿತ್ತು, ಮಧ್ಯಾಹ್ನ ಗಿಡಗಳೆಲ್ಲ ಎಲೆ ಮಡಚಿಕೊಂಡು ನಿಲ್ಲುತ್ತಿದ್ದವು. ನೀರು ಸಾಲದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಏರಿ ಪತ್ರರಂಧ್ರಗಳನ್ನು ಮುಚ್ಚಿಸುತ್ತದೆ. ಬಾಗಿಲು ಮುಚ್ಚಿದ ಮೇಲೆ ಒಳಗೆ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಆಗ ರೂಬಿಸ್ಕೊ ಅದರ ಬದಲಿಗೆ ಆಮ್ಲಜನಕವನ್ನು ಹಿಡಿಯುತ್ತ, ದುಡಿದದ್ದನ್ನೇ ಕಳೆದುಕೊಳ್ಳುತ್ತದೆ. ಇದರ ಮೇಲೆ ಆಕ್ಟಿವೇಸ್ ಎಂಬ ಬೀಗ ತೆಗೆಯುವ ಪ್ರೋಟೀನು ಬಿಸಿಗೆ ಬಲು ಸೂಕ್ಷ್ಮ. ರೂಬಿಸ್ಕೊ ತಾನು ಕೆಡುವ ಮುಂಚೆಯೇ ಅದು ಕೈಬಿಡುತ್ತದೆ. ಬ್ರಾಸಿನೊಸ್ಟೆರಾಯ್ಡ್‌ಗಳು ಗಿಡಕ್ಕೆ ಬಿಸಿ ತಾಳುವ ಶಕ್ತಿಯನ್ನು ಸ್ವಲ್ಪ ಹೆಚ್ಚಿಸುತ್ತವೆ ಎಂಬುದಕ್ಕೆ ಪ್ರಯೋಗಗಳ ಆಧಾರವಿದೆ, ನನ್ನ ಮೂರನೆಯ ಗೊಂಚಲಿನ ಹೂವು ನಿಂತದ್ದಕ್ಕೂ ಅದೇ ಕಾರಣವಿದ್ದೀತು. ಆದರೆ ಒಣಗಿದ ಮಣ್ಣಿನಲ್ಲಿ ಗಿಡ ತಾನೇ ಬಾಗಿಲು ಹಾಕಿಕೊಂಡಿರುವಾಗ ಹೊರಗಿನಿಂದ ಹೊಡೆದ ಬಾಟಲಿ ಅದನ್ನು ಮೀರಿ ಕೆಲಸ ಮಾಡುತ್ತದೆಂದು ನಿರೀಕ್ಷಿಸಬಾರದು. ಹಿಂದಿನ ಸಂಜೆ ನೀರು ಬಿಟ್ಟು ಮರುದಿನ ಬೆಳಗ್ಗೆ ಹೊಡೆಯಿರಿ.

ಎಲೆಯೊಳಗೆ ಸುರಂಗ ಕೊರೆಯುವ ರಂಗೋಲಿ ಹುಳು ಬಿದ್ದ ಬೆಳೆಗೂ ಇದೇ ಮಾತು. ಹುಳು ಕಚ್ಚಿದಾಗ ಗಿಡದಲ್ಲಿ ಜಾಸ್ಮೊನೇಟ್ ಎಂಬ ಹಾರ್ಮೋನು ಏರಿ, ಬೆಳೆಯುವ ಕೆಲಸ ಬಿಟ್ಟು ರಕ್ಷಣೆಯ ಕೆಲಸಕ್ಕೆ ನಿಲ್ಲುವಂತೆ ಮಾಡುತ್ತದೆ. ಬಾರ್ಲಿಯ ಎಲೆಗಳಿಗೆ ಜಾಸ್ಮೊನೇಟ್ ಕೊಟ್ಟಾಗ ರೂಬಿಸ್ಕೊ ಕುಗ್ಗಿ ಎಲೆ ಹಳದಿಯಾಗುವುದನ್ನು 1980ರ ದಶಕದಲ್ಲೇ ಕಂಡಿದ್ದಾರೆ. ಮೊದಲು ಹುಳುವಿಗೆ ಔಷಧಿ, ಆಮೇಲೆ ಉಳಿದದ್ದು.

ಟೊಮೆಟೊಗೆ ಹೊಡೆದು ಟ್ಯಾಂಕಿನಲ್ಲಿ ಮಿಕ್ಕಿದ್ದನ್ನು ಪಕ್ಕದ ರಾಗಿಯ ಎರಡು ಸಾಲಿಗೆ ಹಾಕಿದ್ದೆ. ಯಾವ ವ್ಯತ್ಯಾಸವೂ ಕಾಣಲಿಲ್ಲ. ಎರಡು ಸಾಲಿನಿಂದ ತೀರ್ಪು ಕೊಡಬಾರದು ನಿಜ, ಆದರೂ ರಾಗಿಯ ವ್ಯವಸ್ಥೆಯೇ ಬೇರೆ ಎಂಬುದನ್ನು ನೆನಪಿಡಬೇಕು. ರಾಗಿ, ಜೋಳ, ಕಬ್ಬುಗಳಲ್ಲಿ ಗಾಳಿಯ ಇಂಗಾಲವನ್ನು ಮೊದಲು ಹಿಡಿಯುವುದು ಪೆಪ್ ಕಾರ್ಬಾಕ್ಸಿಲೇಸ್ ಎಂಬ ಬೇರೆ ಕಿಣ್ವ; ಅದು ಆಮ್ಲಜನಕಕ್ಕೆ ಮೋಸಹೋಗುವುದಿಲ್ಲ, ಹಿಡಿದದ್ದನ್ನು ಒಳಗಿನ ಜೀವಕೋಶಗಳಿಗೆ ಸಾಗಿಸಿ ಅಲ್ಲಿ ರೂಬಿಸ್ಕೊ ಮುಂದೆ ರಾಶಿ ಹಾಕುತ್ತದೆ. ನಮ್ಮ ಬಿಸಿಲಿಗೂ ಮಳೆಯ ಅಭಾವಕ್ಕೂ ರಾಗಿ ಇಷ್ಟು ಚೆನ್ನಾಗಿ ಒಗ್ಗಿರುವುದರ ಒಂದು ಗುಟ್ಟು ಅದರಲ್ಲಿದೆ. ಟೊಮೆಟೊವಿನಲ್ಲಿ ಫಲ ಕೊಟ್ಟದ್ದನ್ನು ಅದೇ ಅಳತೆಯಲ್ಲಿ ರಾಗಿಗೂ ಹೊಡೆಯಿರಿ ಎನ್ನುವ ಅಂಗಡಿಯವರ ಮಾತಿಗೆ ನಾನು ಹಣ ಕೊಡುವುದಿಲ್ಲ.

ಎಲೆ ಕಪ್ಪಗಾಗುವುದನ್ನೇ ಫಲವೆಂದು ತಿಳಿಯುವ ನಮ್ಮೆಲ್ಲರ ರೂಢಿಯ ಬಗ್ಗೆಯೂ ಒಂದು ಮಾತು. ಕಪ್ಪು ಹಸಿರು ಪತ್ರಹರಿತ್ತಿನ ಬಣ್ಣ. ರೂಬಿಸ್ಕೊ ಕಣ್ಣಿಗೆ ಕಾಣುವ ಬಣ್ಣವೇ ಇಲ್ಲದ ಪ್ರೋಟೀನು. ಭತ್ತಕ್ಕೆ ಬಳಸುವ ಎಲೆಬಣ್ಣದ ಪಟ್ಟಿಯಾಗಲಿ, ಎಲೆಯನ್ನು ಕಚ್ಚಿ ಸಂಖ್ಯೆ ತೋರಿಸುವ ಪತ್ರಹರಿತ್ತು ಮಾಪಕವಾಗಲಿ ಅಳೆಯುವುದು ಹಸಿರನ್ನು. ಅದರಿಂದ ಎಲೆಯ ಸಾರಜನಕವನ್ನು ಅಂದಾಜು ಮಾಡಬಹುದು, ಕಿಣ್ವ ದುಡಿಯುತ್ತಿದೆಯೇ ಎಂದು ಹೇಳಲಾಗದು. ಅದಕ್ಕೆ ಎಲೆ ಹೀರುವ ಇಂಗಾಲವನ್ನೇ ಅಳೆಯುವ ಉಪಕರಣ ಬೇಕು, ಅದು ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಲ್ಲಿ ಇರುವಂಥದ್ದು. ರೈತನ ಕೈಯಲ್ಲಿರುವ ಅಳತೆ ನಿಂತ ಹೂವು, ತುಂಬಿದ ಬಾಕ್ಸು; ಅದನ್ನಾದರೂ ಬಿಟ್ಟ ಸಾಲಿನ ಜೊತೆ ಹೋಲಿಸಿಯೇ ನೋಡಬೇಕು.

ಬಾಟಲಿಯ ಬಗ್ಗೆ ದೂರುಗಳಿವೆ. ಮುಚ್ಚಳದಲ್ಲಿ ಅಳತೆಯ ಗೆರೆಯಿಲ್ಲ. ಅರ್ಧ ಎಂಎಲ್ ಲೆಕ್ಕದ ಪದಾರ್ಥಕ್ಕೆ ಇದು ಸಣ್ಣ ಕೊರತೆಯಲ್ಲ, ಏಕೆಂದರೆ 16 ಲೀಟರಿನ ಟ್ಯಾಂಕಿಗೆ ಬೇಕಾದದ್ದು 8 ಎಂಎಲ್. ಅಂದಾಜಿಗೆ ಒಂದು ಮುಚ್ಚಳ ಸುರಿಯುವವರು ಎರಡುಪಟ್ಟು ಹಾಕಿಬಿಡುವ ಸಂಭವವಿದೆ, ಹಾರ್ಮೋನುಗಳು ಹೆಚ್ಚಾದರೆ ಫಲ ತಿರುಗುಮುರುಗಾಗುತ್ತದೆ. ನಾನು ಸೂಜಿ ತೆಗೆದ ಸಿರಿಂಜಿನಿಂದ ಅಳೆದೆ. ಜೊತೆಗಿರುವ ಮಾಹಿತಿ ಪತ್ರದಲ್ಲಿ ಕನ್ನಡ ಇದೆ, ಆದರೆ ಭೂತಗನ್ನಡಿಯಿಲ್ಲದೆ ಓದಲಾಗದಷ್ಟು ಸಣ್ಣದಾಗಿದೆ. ಯಾವ ಬೆಳೆಗೆ ಶಿಫಾರಸು ಆಗಿದೆ, ಯಾವ ಹಂತದಲ್ಲಿ ಹೊಡೆಯಬೇಕು ಎಂಬುದು ಅಲ್ಲಿಯೇ ಇರುತ್ತದೆ, ಕಷ್ಟಪಟ್ಟಾದರೂ ಓದಿಸಿ ಕೇಳಿ.

ಕೊಳ್ಳುವಾಗ ಗಮನಿಸಬೇಕಾದ ಕಾನೂನಿನ ಸಂಗತಿ ಒಂದಿದೆ. ಹೋಮೋಬ್ರಾಸಿನೊಲೈಡ್, ಜಿಬ್ಬೆರೆಲಿಕ್ ಆಮ್ಲ, ಟ್ರಯಾಕಾಂಟನಾಲ್‌ನಂಥ ಬೆಳವಣಿಗೆ ನಿಯಂತ್ರಕಗಳು 1968ರ ಕೀಟನಾಶಕ ಕಾಯಿದೆಯ ಅಡಿಯಲ್ಲಿ ನೋಂದಣಿಯಾಗಬೇಕು, ಚೀಟಿಯ ಮೇಲೆ ವಿಷದ ಮಟ್ಟವನ್ನು ಸೂಚಿಸುವ ಬಣ್ಣದ ತ್ರಿಕೋನವೂ ಇರಬೇಕು. ಕಡಲ ಪಾಚಿಯ ಸಾರದಂಥ ಜೈವಿಕ ಉತ್ತೇಜಕಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದಿದ್ದಾರೆ. ಇವೆರಡರಲ್ಲಿ ಯಾವುದರ ಗುರುತೂ ಇಲ್ಲದ, ಪದಾರ್ಥದ ಹೆಸರೂ ಇಲ್ಲದ ಬಾಟಲಿಯನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ತರಬೇಡಿ, ಬಿಲ್ಲು ಕೊಡದ ಕಡೆ ಕೊಳ್ಳಬೇಡಿ. ಸಂದೇಹವಿದ್ದರೆ ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, 1800-180-1551ಕ್ಕೆ ಕರೆ ಮಾಡಿದರೆ ಕಿಸಾನ್ ಕಾಲ್ ಸೆಂಟರಿನಲ್ಲಿ ಕನ್ನಡದಲ್ಲೇ ಉತ್ತರ ಸಿಗುತ್ತದೆ.

ಅಂಕ ಕೊಡುವುದಾದರೆ, ನೀರು ಗೊಬ್ಬರ ಸರಿಯಿರುವ ಟೊಮೆಟೊಗೆ, ಹೂವಿನ ಹಂತದಲ್ಲಿ, ಐದಕ್ಕೆ ಮೂರೂವರೆ. ಸೊರಗಿದ ಬೆಳೆಗೆ ಒಂದು ಅಂಕವನ್ನೂ ಕೊಡಲಾರೆ. ಅಂಥ ಬೆಳೆಗೆ ಮೊದಲು ಸಾರಜನಕ, ಎಲೆಯ ನರಗಳ ನಡುವೆ ಹಳದಿ ಕಂಡರೆ ಮೆಗ್ನೀಸಿಯಂ ಸಲ್ಫೇಟ್, ಅಥವಾ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ತರಕಾರಿ ಸ್ಪೆಷಲ್‌ನಂಥ ಲಘುಪೋಷಕಾಂಶಗಳ ಮಿಶ್ರಣ ಕೊಟ್ಟು ನೋಡುವುದು ಮೇಲು.

ಈ ಸಲದ ನಾಟಿಯಲ್ಲಿ ಮೇಲ್ಭಾಗದ ಮೂಲೆಗೆ ಬೇರೆ ಪೈಪು ಎಳೆಸಿ, ಕೊಟ್ಟಿಗೆ ಗೊಬ್ಬರ ಎರಡು ಟ್ರ್ಯಾಕ್ಟರ್ ಹಾಕಿಸಿದ್ದೇನೆ. ಹಾರ್ಮೋನನ್ನು ಕೆಳಭಾಗಕ್ಕೆ ಮಾತ್ರ ಹೊಡೆಯುತ್ತಿದ್ದೇನೆ, ಬದುವಿನ ಪಕ್ಕದ ಆರು ಸಾಲುಗಳ ಕಡ್ಡಿಗೆ ಕೆಂಪು ದಾರ ಕಟ್ಟಿ ಅವಕ್ಕೆ ಬರೀ ನೀರು ಮತ್ತು ಸ್ಟಿಕ್ಕರ್ ಎಂದು ಆಳಿಗೆ ಹೇಳಿದ್ದಾಗಿದೆ.